ಬಿಡಿಗಾಸೂ ಕಡಿಮೆಯಿಲ್ಲ

ಜೂನ್ 4, ಸೋಮವಾರ

ಇವತ್ತು ಹಣದ ಪೆಟ್ಟಿಗೆ ಬರಲಿಲ್ಲ.

ಸೋಮವಾರವೆಂದರೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಜಾಲರಿ ಬಡಿದ ವ್ಯಾನು ಬಂದು ನಿಲ್ಲಬೇಕು, ಬಂದೂಕಿನವರಿಬ್ಬರು ಇಳಿಯಬೇಕು, ಪೆಟ್ಟಿಗೆ ಒಳಗೆ ಹೋಗಬೇಕು, ಅವರು ನನ್ನ ಕೈಯ ಟೀ ಕುಡಿದು "ಸಕ್ಕರೆ ಕಮ್ಮಿ ಆಯ್ತು ಟೀಯಮ್ಮ" ಎಂದು ಗೊಣಗಿ ಹೋಗಬೇಕು. ನಾನು ಇಲ್ಲಿ ನೆಲ ಒರೆಸಿ ಟೀ ಕಾಯಿಸಲು ಸೇರಿದಾಗಿನಿಂದ ಇದು ತಪ್ಪಿದ್ದಿಲ್ಲ. ಇವತ್ತು ಟೀ ಆರಿ ಕೆನೆ ಕಟ್ಟಿತು. ಮ್ಯಾನೇಜರು ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿದ್ದರು. ಲೋಟ ಇಡಲು ಹೋದರೆ ನೊಣ ಓಡಿಸಿದ ಹಾಗೆ ಕೈ ಬೀಸಿದರು.

ಮಧ್ಯಾಹ್ನ ಹಾಲು ತರಲು ಹೋದಾಗ ಬೇಕರಿಯವನು ಕೇಳಿದ, "ಏನ್ ಟೀಯಮ್ಮ, ಪೆಟ್ಟಿಗೆ ವ್ಯಾನ್ ಕಾಣ್ಲೇ ಇಲ್ಲ?"

"ಬಂದಿಲ್ಲ," ಎಂದೆ.

"ಯಾಕಂತೆ?"

"ಗೊತ್ತಿಲ್ಲ. ಮ್ಯಾನೇಜರು ಊಟಾನೂ ಮಾಡಿಲ್ಲ."

ಕೇಳಿದ್ದಕ್ಕೆ ಇದ್ದದ್ದು ಹೇಳಿದೆ. ಅವನು ಬ್ರೆಡ್ ಕೊಯ್ಯುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ.

ಸಂಜೆ ದೇವರ ಮುಂದೆ ಕೂತು ಒಬ್ಬೊಬ್ಬರನ್ನೇ ನೆನೆದೆ. ಮಗಳು, ಅಳಿಯ, ಅಕ್ಕ, ಮ್ಯಾನೇಜರು, ಕ್ಯಾಷಿಯರ್ ಹುಡುಗಿ, ಗಾರ್ಡಣ್ಣ, ಬೇಕರಿಯವನು, ಹೆಸರು ಗೊತ್ತಿಲ್ಲದ ಆ ಬಂದೂಕಿನವರು. ದಾರಿಯಲ್ಲಿ ಅವರಿಗೇನಾದರೂ ಆಯಿತೋ ಏನೋ. ಎಲ್ಲರನ್ನೂ ಕಾಪಾಡಪ್ಪ ಎಂದೆ. ಅಕ್ಕನನ್ನು ಎರಡು ಸಲ ನೆನೆದೆ. ಬೀದಿ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕಿ ಕೂಡಿಸಿದ್ದನ್ನೆಲ್ಲ ಅವಳು ನನ್ನ ಮಾತಿನ ಮೇಲೆ ನಮ್ಮ ಬ್ಯಾಂಕಿನಲ್ಲೇ ಇಟ್ಟಿದ್ದಾಳೆ. ದರ್ಜಿಯ ಎರಡು ಕೋಣೆಯ ಮನೆ ಕೊಳ್ಳಬೇಕೆಂದು. ತಿಂಗಳ ಕೊನೆಗೆ ದುಡ್ಡು ಕೊಡುವ ಮಾತು.

ಜೂನ್ 5, ಮಂಗಳವಾರ

ಕಸಬರಿಗೆ ಹಿಡಿದು ಶಟರು ಎತ್ತಿದರೆ ಎದುರಿಗೆ ಜನ. ಸಾಲು ಬೇಕರಿಯವನಿಂದ ಶುರುವಾಗಿ ಔಷಧಿ ಅಂಗಡಿ ದಾಟಿ ತಿರುವಿನಲ್ಲಿ ಕಣ್ಣಿಗೆ ಮರೆಯಾಗಿತ್ತು. "ಪೆಟ್ಟಿಗೆ ಬಂದಿಲ್ವಂತೆ. ಟೀಯಮ್ಮನೇ ಹೇಳಿದ್ದು. ಅವರು ಸುಳ್ಳು ಹೇಳೋರಲ್ಲ." ಒಬ್ಬರಿಂದ ಒಬ್ಬರಿಗೆ ದಾಟುತ್ತಿದ್ದ ಮಾತು ನನ್ನ ಕಿವಿಗೂ ಬಿತ್ತು. ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು.

ಕ್ಯಾಷಿಯರ್ ಹುಡುಗಿ ಕೊಟ್ಟಳು, ಕೊಟ್ಟಳು, ಮಧ್ಯಾಹ್ನದ ಹೊತ್ತಿಗೆ ಡ್ರಾಯರು ಮುಚ್ಚಿ "ನಾಳೆ ಬನ್ನಿ" ಎಂದಳು. ಯಾರೋ ಗಾಜಿನ ಮೇಲೆ ಅಂಗೈಯಿಂದ ಬಡಿದರು. ಗಾರ್ಡಣ್ಣ ಬಾಗಿಲಿಗೆ ಅಡ್ಡ ನಿಂತ. ಆಮೇಲೆ ಅಡುಗೆ ಮೂಲೆಗೆ ಬಂದು ನೀರು ಕುಡಿಯುತ್ತ, "ನನ್ನ ಬಂದೂಕಲ್ಲಿ ಗುಂಡಿಲ್ಲ ಟೀಯಮ್ಮ. ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಡಿ ಮತ್ತೆ," ಎಂದ. ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ.

ಮ್ಯಾನೇಜರು ಕರೆದರು. "ಬೇಕರಿಯವನಿಗೆ ಏನು ಹೇಳಿದ್ರಿ ಅಮ್ಮ?"

ಹೇಳಿದ್ದನ್ನೇ ಹೇಳಿದೆ.

"ಸುಳ್ಳಾದ್ರೂ ಹೇಳಿದ್ರೆ ಚೆನ್ನಾಗಿತ್ತು."

"ಸಾರ್, ಜನರ ದುಡ್ಡು ಸ್ಟ್ರಾಂಗ್ ರೂಮಿನಲ್ಲಿ ಇದೆಯಲ್ಲ. ತೆಗೆದು ಕೊಟ್ಟುಬಿಡಿ. ಅವರದು ಅವರಿಗೆ," ಎಂದೆ.

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅಲ್ಲಿರೋದು ಅದರಲ್ಲಿ ಒಂದು ಚೂರು ಅಮ್ಮ. ಮಿಕ್ಕಿದ್ದೆಲ್ಲ ಸಾಲ ಕೊಟ್ಟಿದ್ದೀವಿ. ಹಾಗೆ ಕೊಟ್ಟರೇನೇ ನಿಮ್ಮಕ್ಕನಿಗೆ ಬಡ್ಡಿ ಬರೋದು. ಎಲ್ಲರೂ ಒಂದೇ ದಿನ ಬಂದು ಕೇಳಿದ್ರೆ ಯಾವ ಬ್ಯಾಂಕಿಗೂ ಕೊಡಕ್ಕಾಗಲ್ಲ. ಒಂದೇ ದಿನ ಕೇಳಲ್ಲ ಅನ್ನೋ ನಂಬಿಕೆ ಮೇಲೇ ಇದು ನಿಂತಿರೋದು."

ಇಷ್ಟು ವರ್ಷ ಸ್ಟ್ರಾಂಗ್ ರೂಮಿನ ಬಾಗಿಲಿನ ಮುಂದೆ ನೆಲ ಒರೆಸುವಾಗ ಕೈ ಮುಗಿಯುತ್ತಿದ್ದೆ. ಜನರ ಬೆವರೆಲ್ಲ ಅದರೊಳಗೆ ಇದೆ ಎಂದು. ಖಾಲಿ ಗೋಡೆಗೆ ಕೈ ಮುಗಿದೆನೇ?

ಜೂನ್ 6, ಬುಧವಾರ

ಪೆಟ್ಟಿಗೆ ಇವತ್ತೂ ಇಲ್ಲ. ಸಾಲು ಇದೆ.

ಎಣ್ಣೆ ಸಾಹುಕಾರ ಹಿಂಬಾಗಿಲಿನಿಂದ ಬಂದ. ನಮ್ಮ ಬ್ಯಾಂಕಿನಲ್ಲಿ ಎಲ್ಲರಿಗಿಂತ ದೊಡ್ಡ ಸಾಲ ಅವನದಂತೆ. ಹೊರದೇಶದಿಂದ ಅಡುಗೆ ಎಣ್ಣೆ ತರಿಸಿ ಮಾರುವವನು. ಟೀ ಕೊಡುವ ನೆಪದಲ್ಲಿ ಅಲ್ಲೇ ನಿಂತೆ.

"ಹಡಗು ಬಂದರಲ್ಲಿ ನಿಂತಿದೆ ಸಾರ್. ಹೊಟ್ಟೆ ತುಂಬ ಎಣ್ಣೆ ಇದೆ, ಇಳಿಸೋಕೆ ದುಡ್ಡಿಲ್ಲ," ಎಂದ. "ಆರ್ಡರ್ ಕೊಟ್ಟಾಗ ಡಾಲರಿಗೆ ಇದ್ದ ಬೆಲೆ ಏನು, ಈಗಿರೋದು ಏನು. ಅದೇ ಎಣ್ಣೆ, ಒಂದೂವರೆ ಪಟ್ಟು ದುಡ್ಡು. ಇನ್ನೊಂದಿಷ್ಟು ಸಾಲ ಕೊಡಿ, ಇಳಿಸ್ತೀನಿ."

"ಕೊಡೋದು ಎಲ್ಲಿಂದ? ಡಾಲರ್ ಏರೋದು ನಿಲ್ಲಲಿ ಅಂತ ದೊಡ್ಡ ಬ್ಯಾಂಕು ಬಡ್ಡಿ ಏರಿಸಿ, ನೋಟು ಬಿಗಿ ಹಿಡಿದು ಕೂತಿದೆ. ಬೇರೆ ಬ್ಯಾಂಕಿನವರು ನಮಗೆ ಕೈಗಡಾನೂ ಕೊಡ್ತಿಲ್ಲ. ಮೊದಲು ಹಳೇ ಕಂತು ಕಟ್ಟಿ."

"ಎಣ್ಣೆ ಮಾರಿದ ಮೇಲಲ್ವಾ ಸಾರ್ ಕಂತು."

ಬೀಗರ ಮನೆಗೆ ಬಂದವನ ಹಾಗೆ ಎರಡನೇ ಲೋಟವನ್ನೂ ಕುಡಿದು ಎದ್ದ. ದೊಡ್ಡ ಬ್ಯಾಂಕು ಯಾವುದೆಂದು ಕ್ಯಾಷಿಯರ್ ಹುಡುಗಿಯನ್ನು ಕೇಳಿದೆ. ಬ್ಯಾಂಕುಗಳಿಗೆಲ್ಲ ಯಜಮಾನ ಅದು, ನೋಟು ಅಚ್ಚು ಹಾಕುವುದೂ ಅದೇ, ನಮ್ಮ ಪೆಟ್ಟಿಗೆ ಬರುತ್ತಿದ್ದದ್ದೂ ಅಲ್ಲಿಂದಲೇ ಎಂದಳು. ನಾನು ಕಣ್ಣಾರೆ ಕಾಣದ ಹಡಗೊಂದು ಎಲ್ಲೋ ನಿಂತರೆ ಇಲ್ಲಿ ಅಕ್ಕನ ಮನೆ ಅಲ್ಲಾಡುತ್ತದೆ.

ಜೂನ್ 7, ಗುರುವಾರ

ಬಾಗಿಲು ತೆಗೆಯುವ ಮೊದಲೇ ಮ್ಯಾನೇಜರು ನನ್ನನ್ನು ಕೂರಿಸಿ ಮಾತಾಡಿದರು. ಅವರು ನನಗೆ ಕುರ್ಚಿ ಕೊಟ್ಟದ್ದು ಇದೇ ಮೊದಲು. ಆಗಲೇ ಭಯವಾಯಿತು.

ನೋಟಿನ ಕಟ್ಟುಗಳನ್ನು ಮೇಜಿನ ಮೇಲಿಟ್ಟರು. "ಇದನ್ನ ನಿಮ್ಮದೇ ಬಟ್ಟೇಲಿ ಗಂಟು ಕಟ್ಕೊಂಡು, ಮನೆಯಿಂದ ಬಂದ ಹಾಗೆ ಮುಂಬಾಗಿಲಿಂದ ಬನ್ನಿ. ಸಾಲಿನಲ್ಲಿರೋರ ಎದುರಿಗೆ ನಿಮ್ಮ ಖಾತೆಗೆ ಕಟ್ಟಿ. ಸಂಜೆ ವಾಪಸ್ ತಗೋತೀವಿ. ಅಷ್ಟೇ."

"ನನ್ನದಲ್ಲದ ದುಡ್ಡು ನನ್ನದು ಅಂತ ಹೇಳೋದಾ ಸಾರ್?"

"ಏನೂ ಹೇಳಬೇಡಿ. ಕಟ್ಟಿ, ಸಾಕು."

ಆಗುವುದಿಲ್ಲ ಎಂದೆ. ದೇವರಿಗೆ ಏನು ಹೇಳಲಿ ಎಂದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ, ಅದೇ ಕಷ್ಟವಾದದ್ದು. ಮೆಲ್ಲಗೆ ಹೇಳಿದರು, "ಸಾಲು ಹೀಗೇ ಬೆಳೆದ್ರೆ ನಾಡಿದ್ದು ಬ್ಯಾಂಕಿಗೆ ಬೀಗ. ಮುಂದೆ ನಿಂತೋರಿಗೆ ಸಿಕ್ಕಷ್ಟು ಸಿಕ್ತು, ಹಿಂದಿರೋರಿಗೆ ಏನೂ ಇಲ್ಲ. ನಿಮ್ಮಕ್ಕನದೂ ಇಲ್ಲೇ ಇದೆ ಅಲ್ವಾ? ಬೆಂಕಿ ಹಚ್ಚಿದ್ದು ನೀವು ಅಂತ ನಾನು ಹೇಳ್ತಿಲ್ಲ. ಆದ್ರೆ ಆರಿಸೋಕೆ ನಿಮ್ಮಿಂದ ಮಾತ್ರ ಆಗುತ್ತೆ. ನಾನು ಹೇಳಿದ್ರೆ ಯಾರು ನಂಬ್ತಾರೆ?"

ನನ್ನ ಹಳೇ ಹಸಿರು ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಹಿಂಬಾಗಿಲಿನಿಂದ ಹೋಗಿ, ಬೀದಿ ಸುತ್ತಿ, ಮುಂದಿನಿಂದ ಬಂದೆ. ಕಾಲು ನನ್ನವಲ್ಲ ಎನ್ನುವ ಹಾಗೆ ನಡುಗುತ್ತಿತ್ತು. ಕೌಂಟರಿನ ಮೇಲೆ ಗಂಟು ಬಿಚ್ಚಿ "ಜಮಾ ಮಾಡ್ಕೋ ತಾಯಿ" ಎಂದೆ. ಇಷ್ಟೇ ನಾನು ಹೇಳಿದ್ದು. ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಆಗಿನಿಂದ ಹುಡುಕುತ್ತಿದ್ದೇನೆ.

ಬೇಕರಿಯವನು, "ನೀವು ಹಾಕ್ತಿದ್ದೀರಾ ಟೀಯಮ್ಮ?" ಎಂದ.

"ಕಾಣ್ತಿಲ್ವಾ," ಎಂದೆ.

ಅವನು ಹಿಂದೆ ತಿರುಗಿ ಜನರನ್ನು ನೋಡಿದ. ಸ್ವಲ್ಪ ಹೊತ್ತಿಗೆ ಸಾಲಿನಿಂದ ಹೊರಗೆ ಬಂದು ಅಂಗಡಿಗೆ ಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಕ್ಯಾಷಿಯರ್ ಹುಡುಗಿ ತಲೆ ಎತ್ತಲೇ ಇಲ್ಲ.

ಸಂಜೆ ದೇವರ ಮುಂದೆ ಕೂತೆ. ಬಾಯಿ ತೆರೆಯಲು ಆಗಲಿಲ್ಲ. ಸುಮ್ಮನೆ ಕೂತು ಎದ್ದೆ.

ಜೂನ್ 8, ಶುಕ್ರವಾರ

ಮತ್ತೆ ಅದೇ ಗಂಟು. ಇವತ್ತು ಅಷ್ಟು ನಡುಗಲಿಲ್ಲ. ಸಂಜೆ ಮ್ಯಾನೇಜರು ಗಂಟನ್ನು ನನ್ನ ಕೈಗೇ ಕೊಟ್ಟು ಕಳಿಸಿದರು. ಬೆಳಿಗ್ಗೆ ಹಿಂಬಾಗಿಲಿನಿಂದ ಹೋಗುವುದನ್ನು ಯಾರಾದರೂ ನೋಡಿದರೆ ಕೆಟ್ಟಿತು, ಮನೆಯಿಂದಲೇ ತನ್ನಿ ಎಂದು. ಅಕ್ಕಿ ಡಬ್ಬದೊಳಗೆ ಇಟ್ಟು ಮೇಲೆ ಅಕ್ಕಿ ಸುರಿದಿದ್ದೇನೆ. ಬಾಗಿಲಿಗೆ ಒಳಗಿನಿಂದ ರುಬ್ಬುವ ಕಲ್ಲು ಒತ್ತಿಟ್ಟಿದ್ದೇನೆ. ಬೀದಿಯಲ್ಲಿ ಯಾರು ಕೆಮ್ಮಿದರೂ ಕೈಯಲ್ಲಿನ ಪೆನ್ನು ನಿಲ್ಲುತ್ತದೆ.

ಮಧ್ಯಾಹ್ನ ಅಕ್ಕ ಬಂದಿದ್ದಳು. ಅಡುಗೆ ಮೂಲೆಯ ಸ್ಟೂಲಿನ ಮೇಲೆ ಕೂತು, "ಏನೇ, ನಿನ್ನ ಹತ್ರ ಅಷ್ಟೊಂದು ದುಡ್ಡು ಎಲ್ಲಿತ್ತೇ? ಮೊನ್ನೆ ಮೊನ್ನೆ ಸಾಬೂನಿಗೆ ಚಿಲ್ಲರೆ ಕೇಳಿದವಳು ನೀನು," ಎಂದಳು.

"ಮಗಳು ಕಳಿಸಿದಳು."

ಬಾಯಿಂದ ಹಾಗೇ ಬಂದುಬಿಟ್ಟಿತು. ಅಕ್ಕನ ಮುಖ ಅರಳಿತು. "ನನ್ನ ಬಂಗಾರ. ನಾನೇ ಎತ್ತಿ ಆಡಿಸಿದ ಕೂಸು," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ದನಿ ಇಳಿಸಿ, "ಅದು ಬಿಡು. ದರ್ಜಿ ಅವಸರ ಮಾಡ್ತಿದ್ದಾನೆ. ಈಗಲೇ ಪೂರ್ತಿ ದುಡ್ಡು ಕೊಟ್ರೆ ಮಾತಾಡಿದ ರೇಟಿಗೇ ಮನೆ ಬರೆದುಕೊಡ್ತಾನಂತೆ. ತಿಂಗಳ ಕೊನೆ ತನಕ ಕಾದ್ರೆ ಹೇಳಕ್ಕಾಗಲ್ಲ ಅಂತಾನೆ. ತೆಗೆದುಬಿಡಲಾ?"

ಹೇಳಿಬಿಡಬೇಕು ಅನ್ನಿಸಿತು. ತೆಗಿ ಅಕ್ಕ, ಇವತ್ತೇ ತೆಗಿ ಎಂದು. ಆದರೆ ಅಕ್ಕನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಟೀಯಮ್ಮನ ಸ್ವಂತ ಅಕ್ಕನೇ ದುಡ್ಡು ತೆಗೆದಳಂತೆ ಅಂದರೆ ನಾಳೆ ಈ ಗಾಜಿನ ಬಾಗಿಲು ಉಳಿಯುವುದಿಲ್ಲ. ಮೊದಲೇ ಕಡಿಮೆ ಇರುವ ದುಡ್ಡು. ಅಕ್ಕನಿಗೆ ಕೊಟ್ಟರೆ ಹಿಂದಿನ ಎಷ್ಟು ಜನಕ್ಕೆ ಇಲ್ಲ.

"ತಿಂಗಳ ಕೊನೆ ತನಕ ಇರಲಿ ಅಕ್ಕ. ಬಡ್ಡಿ ಏರಿಸಿದ್ದಾರೆ. ಈಗ ತೆಗೆದ್ರೆ ಬಡ್ಡಿ ಹೋಗುತ್ತೆ," ಎಂದೆ. ಇದೂ ಸುಳ್ಳಲ್ಲ.

"ಭದ್ರವಾಗಿದೆಯಾ?"

"ಬಿಡಿಗಾಸೂ ಕಡಿಮೆ ಆಗಲ್ಲ."

"ನೀನು ಹೇಳಿದ ಮೇಲೆ ಮುಗೀತು," ಎಂದು ಎದ್ದು ಹೋದಳು. ನಾನು ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಜೂನ್ 10, ಭಾನುವಾರ

ಪ್ರಾರ್ಥನೆಗೆ ಸೇರುವ ಹೆಂಗಸರು ನನ್ನನ್ನು ಸುತ್ತುಗಟ್ಟಿದರು. ಎಲ್ಲರದೂ ಒಂದೇ ಮಾತು: ಇಡೋದಾ, ತೆಗೆಯೋದಾ? "ನಾನು ಹಾಕಿದ್ದೇನೆ" ಎಂದೆ. ಅಷ್ಟಕ್ಕೇ ಒಬ್ಬೊಬ್ಬರ ಮುಖದಿಂದ ಭಾರ ಇಳಿದದ್ದು ಕಂಡಿತು. ಅದೆಲ್ಲ ನನ್ನ ಮೇಲೆ ಬಂದು ಕೂತಿತು. ಹೂವು ಕಟ್ಟುವ ಅಜ್ಜಿ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಪ್ರಾರ್ಥನೆ ಮುಗಿಯುವ ಮೊದಲೇ ತಲೆನೋವೆಂದು ಹೇಳಿ ಬಂದೆ.

ಬಂದವಳೇ ಡಬ್ಬದ ಅಕ್ಕಿಯಲ್ಲಿ ಕೈ ಹಾಕಿ ನೋಡಿದೆ. ಇದೆ.

ಜೂನ್ 12, ಮಂಗಳವಾರ

ದೊಡ್ಡ ಬ್ಯಾಂಕಿನ ಆಜ್ಞೆ ಬಂತು. ಇನ್ನು ಮೇಲೆ ಒಬ್ಬರಿಗೆ ದಿನಕ್ಕೆ ಇಷ್ಟೇ ಎಂದು. ಗೋಡೆಗೆ ಕಾಗದ ಅಂಟಿಸಿದ್ದೇ ತಡ, ಒಡೆದ ಜೇನುಗೂಡಿನ ಹಾಗೆ ಗುಯ್ಯೆಂದಿತು. ಪಕ್ಕದ ಪೇಟೆಯ ಬ್ಯಾಂಕಿಗೆ ಬೀಗ ಬಿದ್ದಿದೆಯಂತೆ. ಒಬ್ಬ ಮುದುಕ ಅದರ ಮೆಟ್ಟಿಲ ಮೇಲೆ ಕೂತವನು ಎದ್ದೇ ಇಲ್ಲವಂತೆ. ಇದನ್ನು ಹೇಳಿದವನು ಅಳುತ್ತಿರಲಿಲ್ಲ, ನಗುತ್ತಿದ್ದ.

ಯಾರೋ ಕಲ್ಲು ಎಸೆದರು. ಗಾಜಿಗೆ ತಾಗಲಿಲ್ಲ, ಬೋರ್ಡಿಗೆ ತಾಗಿತು. ಗಾರ್ಡಣ್ಣ ಗುಂಡಿಲ್ಲದ ಬಂದೂಕು ಎತ್ತಿದ. ಎಲ್ಲರೂ ಕೂತರು.

ನಾನು ಆ ಗಲಾಟೆಯ ನಡುವೆಯೇ ಗಂಟು ಹಿಡಿದು ಬಂದು ಕಟ್ಟಿದೆ. ದಾರಿ ಬಿಟ್ಟರು.

ಒಂದು ಯೋಚನೆ ಬಂತು, ಬರೆದಿಟ್ಟುಬಿಡುತ್ತೇನೆ. ಬ್ಯಾಂಕು ಮುಳುಗಿದ ದಿನ ಗಂಟು ನನ್ನ ಮನೆಯಲ್ಲೇ ಇದ್ದರೆ ಅದನ್ನು ಕೇಳುವವರು ಯಾರು? ಅಕ್ಕನಿಗೆ ಸೇರಬೇಕಾದಷ್ಟು ಹೆಚ್ಚು ಕಡಿಮೆ ಅದರಲ್ಲೇ ಇದೆ. ಛೆ. ಇಂಥ ಯೋಚನೆ ನನಗೆ ಹೇಗೆ ಬಂತೋ ಗೊತ್ತಿಲ್ಲ.

ಜೂನ್ 14, ಗುರುವಾರ

ಹೇಳಿಬಿಡೋಣವೆಂದೇ ಅಕ್ಕನ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ಯಾರದೋ ಅಂಗಿಯ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಎದುರಿಗೆ ಔಷಧಿ ಅಂಗಡಿಯವನ ಹೆಂಡತಿ.

"ಬಂದ್ಲು ನೋಡಿ ನನ್ನ ತಂಗಿ. ಇವಳ ಬಾಯಿ ನೋಡ್ಕೊಂಡೇ ನಾನು ಧೈರ್ಯವಾಗಿರೋದು. ಸಣ್ಣವಳಿದ್ದಾಗ ಬೆಲ್ಲ ಕದ್ದರೆ ತಾನೇ ಹೋಗಿ ಅಮ್ಮನಿಗೆ ಹೇಳಿ ಏಟು ತಿಂತಿದ್ದ ಪೆದ್ದಿ ಇವಳು," ಎಂದಳು.

ಔಷಧಿ ಅಂಗಡಿಯವನ ಹೆಂಡತಿ ನಕ್ಕಳು. ನಾನೂ ನಕ್ಕೆ.

"ದರ್ಜಿ ಮತ್ತೆ ಬಂದಿದ್ದ. ಇನ್ನು ಎರಡು ದಿನ ಅಂತ ಗಡುವು ಹಾಕಿದ್ದಾನೆ. ಅವನಿಗೂ ಭಯವಂತೆ. ದುಡ್ಡು ಇವತ್ತು ಇದ್ದ ಹಾಗೆ ನಾಳೆ ಇರಲ್ಲ ಅಂತಾನೆ. ದುಡ್ಡೇನು ಹಾಲಾ ಒಡೆದುಹೋಗಕ್ಕೆ?" ಎಂದು ಕೇಳಿದಳು ಅಕ್ಕ.

"ದರ್ಜಿಗಳೆಲ್ಲ ಹೀಗೇ, ಅಳತೆಗಿಂತ ಹೆಚ್ಚು ಕತ್ತರಿಸ್ತಾರೆ," ಎಂದೆ. ಇಬ್ಬರೂ ಮತ್ತೆ ನಕ್ಕರು. ಯಾವಾಗಿನಿಂದ ನನಗೆ ಇಂಥ ಮಾತು ಬರಲು ಶುರುವಾಯಿತೋ.

ಹೇಳಲಿಲ್ಲ. ಆ ಹೆಂಗಸು ಇದ್ದಳಲ್ಲ.

ಜೂನ್ 18, ಸೋಮವಾರ

ಅಂಗಡಿಗಳಲ್ಲಿ ಎಣ್ಣೆ ಇಲ್ಲ. ಇರುವವರು ಇಲ್ಲ ಎನ್ನುತ್ತಾರೆ. ಸಾಬೂನಿಗೂ ಹಿಟ್ಟಿಗೂ ಬೆಳಿಗ್ಗೆ ಒಂದು ರೇಟು, ಸಂಜೆಗೊಂದು ರೇಟು. ಸಕ್ಕರೆ ಏರುತ್ತದೆಂದು ಸುದ್ದಿ ಬಂತು, ಎರಡು ತಿಂಗಳಿಗಾಗುವಷ್ಟು ತಂದು ಮಂಚದ ಕೆಳಗೆ ಇಟ್ಟೆ. ನನ್ನ ಹಿಂದೆ ನಿಂತಿದ್ದ ಹೆಂಗಸಿಗೆ ಸಿಗಲಿಲ್ಲ. ಸ್ವಲ್ಪ ಬೇಗ ಬರಬೇಕಿತ್ತು ಅವಳು.

ಕ್ಯಾಷಿಯರ್ ಹುಡುಗಿ ಅಡುಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. "ನಮ್ಮ ಮಾವ ಬಂದು ಕೇಳಿದ್ರು ಟೀಯಮ್ಮ. ಅವರಿಗೂ ಭದ್ರವಾಗಿದೆ ಅಂತಲೇ ಹೇಳಿದೆ. ನಂಗೆ ಇನ್ನು ಆಗಲ್ಲ."

"ಮುಖ ತೊಳ್ಕೋ. ಅತ್ತ ಮುಖ ಕೌಂಟರಿಗೆ ಬಂದ್ರೆ ನಮ್ಮ ಸಾಲು ಇನ್ನೂ ಉದ್ದ ಆಗುತ್ತೆ. ಜನಕ್ಕೆ ಏನು ಗೊತ್ತು, ಕುರಿ ಮಂದೆ. ಒಂದು ಹಾರಿದ ಕಡೆ ಎಲ್ಲಾ ಹಾರುತ್ತೆ," ಎಂದೆ.

ಅವಳು ನನ್ನನ್ನು ಒಂಥರಾ ನೋಡಿದಳು. ಮುಖ ತೊಳೆದು ಹೋದಳು. ಒಳ್ಳೆಯ ಹುಡುಗಿ, ಸ್ವಲ್ಪ ಅಂಜುಬುರುಕಿ.

ಇತ್ತೀಚೆಗೆ ಸಂಜೆ ದೇವರ ಮುಂದೆ ಕೂರಲು ಹೊತ್ತು ಸಿಗುತ್ತಿಲ್ಲ. ಗಂಟಿನ ಕಾವಲೇ ಆಗುತ್ತದೆ.

ಜೂನ್ 22, ಶುಕ್ರವಾರ

ವ್ಯಾನು ಬಂತು. ಒಂದು ಪೆಟ್ಟಿಗೆಯಲ್ಲ, ಒಂದರ ಹಿಂದೆ ಒಂದು ಇಳಿಸಿದರು. ದೊಡ್ಡ ಬ್ಯಾಂಕು ಕೊನೆಗೂ ಕೈ ಬಿಚ್ಚಿದೆ. ಎಲ್ಲ ಬ್ಯಾಂಕಿಗೂ ಕೇಳಿದಷ್ಟು ಕೊಡುತ್ತಿದೆಯಂತೆ. ಹೊಸ ನೋಟು, ಒಂದಕ್ಕೊಂದು ಅಂಟಿಕೊಂಡು, ಬಣ್ಣದ ವಾಸನೆ ಹೊಡೆಯುತ್ತಿತ್ತು. ಕ್ಯಾಷಿಯರ್ ಹುಡುಗಿಯ ಬೆರಳು ನೀಲಿಯಾಯಿತು. ದಿನಕ್ಕೆ ಇಷ್ಟೇ ಎಂಬ ಕಾಗದವನ್ನು ಮ್ಯಾನೇಜರು ತಾವೇ ಕಿತ್ತರು.

ಕೇಳಿದವರಿಗೆಲ್ಲ ಕೊಟ್ಟೆವು. ಕೊಡುತ್ತಾರೆಂದು ಗೊತ್ತಾದದ್ದೇ ತಡ, ಅರ್ಧ ಜನ ತೆಗೆಯದೆ ಮನೆಗೆ ಹೋದರು.

ಮ್ಯಾನೇಜರು ಗಂಟನ್ನು ವಾಪಸ್ ತೆಗೆದುಕೊಂಡು, "ಈ ಬ್ಯಾಂಕು ಉಳಿದದ್ದು ನಿಮ್ಮಿಂದ ಅಮ್ಮ," ಎಂದರು. ಹಸಿರು ಬಟ್ಟೆಯನ್ನು ಕೊಡವಿ, ಮಡಿಸಿ ಕೈಗೆ ಕೊಟ್ಟರು. ಗುಡಿಗೆ ಬಂದವರಿಗೆ ಪ್ರಸಾದ ಕೊಟ್ಟ ಹಾಗೆ. ಮನೆಗೆ ಬಂದು ಮಧ್ಯಾಹ್ನವೇ ಮಲಗಿಬಿಟ್ಟೆ. ಎಷ್ಟೋ ದಿನದ ನಿದ್ದೆ.

ಅಕ್ಕನಿಗೆ ಹೇಳಿ ಕಳಿಸಿದೆ, ತಿಂಗಳ ಕೊನೆಗೆ ಬಂದು ಆರಾಮಾಗಿ ತೆಗೆದುಕೋ ಎಂದು. ನಾನು ಹೇಳಿದ್ದೆನಲ್ಲ.

ಜೂನ್ 26, ಮಂಗಳವಾರ

ಎಣ್ಣೆ ಸಾಹುಕಾರ ಈ ಸಲ ಮುಂಬಾಗಿಲಿನಿಂದಲೇ ಬಂದ. ಬ್ಯಾಂಕಿಗೆ ದುಡ್ಡು ಬಂದದ್ದೇ ಅವನಿಗೂ ಸಿಕ್ಕು ಹಡಗಿನಿಂದ ಎಣ್ಣೆ ಇಳಿದಿದೆ. ಮೊದಲಿನ ಎರಡರಷ್ಟು ಬೆಲೆಗೆ ಮಾರಿದ್ದಾನೆ, ಜನ ಮುಗಿಬಿದ್ದು ಕೊಂಡಿದ್ದಾರೆ. ಹಳೇ ಸಾಲವನ್ನು ಬಡ್ಡಿ ಸಮೇತ ಒಂದೇ ಸಲಕ್ಕೆ ತೀರಿಸಿದ.

"ಸಾಲ ತೀರಿಸೋದು ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ ಸಾರ್. ಬೆಟ್ಟದ ಹಾಗೆ ಕಾಣ್ತಿತ್ತು. ಈಗ ಒಂದು ಲಾರಿ ಎಣ್ಣೆಗೆ ಮುಗಿದುಹೋಯ್ತು," ಎಂದ.

ಮ್ಯಾನೇಜರು ನಗಲಿಲ್ಲ. ಅವನು ಹೋದ ಮೇಲೆ ಯಾರಿಗೋ ಹೇಳುವ ಹಾಗೆ ಹೇಳಿದರು. "ಅಷ್ಟು ನೋಟು ಅಚ್ಚಾಗಿ ಬೀದಿಗೆ ಬಂದ ಮೇಲೆ ಇನ್ನೇನಾಗುತ್ತೆ. ಸಾಲ ಮಾಡಿದವನು ಗೆದ್ದ, ಕೂಡಿಟ್ಟವನು ಸೋತ."

ಅದು ನನಗೆ ಅರ್ಥವಾಗಲಿಲ್ಲ. ಹಾಗೆಂದು ಬರೆಯುತ್ತಿದ್ದೇನೆ, ಆದರೆ ಮನೆಗೆ ಬರುವಾಗ ದರ್ಜಿಯ ಮನೆಯ ಮುಂದೆ ನಿಂತು ನೋಡಿದೆ. ಕಿಟಕಿಗೆ ಹಸಿರು ಬಣ್ಣ ಹೊಡೆಸುತ್ತಿದ್ದ. ಅವನನ್ನು ಮಾತಾಡಿಸದೆ ಬಂದೆ.

ಜೂನ್ 29, ಶುಕ್ರವಾರ

ಅಕ್ಕ ದುಡ್ಡು ತೆಗೆದಳು. ಅಸಲು, ಬಡ್ಡಿ, ಎಲ್ಲ. ಹೊಸ ಸೀರೆ ಉಟ್ಟು ಬಂದಿದ್ದಳು. ಎಲ್ಲರಿಗೂ ಕೇಳುವ ಹಾಗೆ "ನನ್ನ ತಂಗಿ ಮಾತು ಕಲ್ಲಲ್ಲಿ ಕೆತ್ತಿದ ಹಾಗೆ" ಎಂದಳು. ಗಾರ್ಡಣ್ಣನಿಗೆ ಮನೆ ಒಕ್ಕಲಿಗೆ ಬರಬೇಕೆಂದು ಕರೆದಳು.

ಸಂಜೆ ಬರುತ್ತೇನೆ ಎಂದವಳು ಬರಲಿಲ್ಲ.

ಜೂನ್ 30, ಶನಿವಾರ

ಬೆಳಿಗ್ಗೆ ಬ್ಯಾಂಕಿನ ಅಡುಗೆ ಮೂಲೆಯಲ್ಲಿ ನಾನು ಹಾಲು ಕಾಯಿಸುತ್ತಿದ್ದಾಗ ಅಕ್ಕ ಬಂದು ಸ್ಟೂಲಿನ ಮೇಲೆ ಕೂತಳು. ನಿನ್ನೆಯ ಸೀರೆಯೇ ಇತ್ತು ಮೈಮೇಲೆ. ಸುಕ್ಕಾಗಿತ್ತು. ಅಕ್ಕನ ಮೈಮೇಲೆ ಸುಕ್ಕು ಬಟ್ಟೆ ನಾನು ನೋಡಿದ್ದಿಲ್ಲ.

"ದರ್ಜಿ ನಕ್ಕ ಕಣೆ. ಈ ದುಡ್ಡಿಗೆ ಒಂದು ಕೋಣೆ ಕೊಡ್ತೀನಿ, ಇನ್ನೊಂದನ್ನ ಮುಂದಿನ ಜನ್ಮದಲ್ಲಿ ತಗೋ ಅಂದ. ಅವನನ್ನ ಬೈಯಕ್ಕೂ ಆಗಲ್ಲ. ಅವನೂ ಬೇರೆ ಕಡೆ ಮನೆ ಕೊಳ್ಳಬೇಕಲ್ಲ, ಅಲ್ಲೂ ಎರಡರಷ್ಟು ಕೇಳ್ತಿದ್ದಾರಂತೆ."

ಲೋಟಕ್ಕೆ ಟೀ ಬಗ್ಗಿಸಿ ಅವಳ ಮುಂದಿಟ್ಟೆ.

"ಕಡಿಮೆ ಬಿದ್ದದ್ದನ್ನ ಕೈಗಡ ಕೇಳೋಣ ಅಂತ ನಿನ್ನ ಮಗಳಿಗೆ ಫೋನ್ ಮಾಡಿದ್ದೆ. ಅಮ್ಮನಿಗೇ ಅಷ್ಟು ಕಳಿಸಿದವಳು ದೊಡ್ಡಮ್ಮನಿಗೆ ಇಲ್ಲ ಅಂತಾಳಾ ಅಂತ." ಅಕ್ಕ ಲೋಟ ಮುಟ್ಟಲಿಲ್ಲ. "ಯಾವ ದುಡ್ಡು ದೊಡ್ಡಮ್ಮ, ಅಂದ್ಲು."

ಹಾಲು ಉಕ್ಕಿತು. ಒಲೆ ಆರಿಸಿದೆ. ಒರೆಸುವ ಬಟ್ಟೆ ಹುಡುಕಿದೆ, ಕೈಯಲ್ಲೇ ಇತ್ತು.

"ನಿಂಗೆ ಗೊತ್ತಿತ್ತಾ?" ಎಂದಳು. ದನಿ ಎತ್ತಲಿಲ್ಲ. ನನ್ನ ಅಕ್ಕ, ಬೀದಿಯ ಆ ತುದಿಗೆ ಕೇಳುವ ಹಾಗೆ ಮಾತಾಡುವವಳು.

ಹೊರಗೆ ಬಾಗಿಲು ತೆಗೆಯುವ ಹೊತ್ತು. ನಾಲ್ಕಾರು ಜನ ಆಗಲೇ ನಿಂತಿದ್ದರು. ಮ್ಯಾನೇಜರ ಬೂಟಿನ ಸದ್ದು ಕೇಳಿತು. ಇವಳು ಇಲ್ಲಿ ಅತ್ತರೆ, ಕೂಗಿದರೆ, ಮತ್ತೆ ಮೊದಲಿನಿಂದ ಎಲ್ಲ ಶುರುವಾಗುತ್ತದೆ.

"ಅಕ್ಕ, ಬಿಡಿಗಾಸೂ ಕಡಿಮೆ ಆಗಲ್ಲ ಅಂತ ಹೇಳಿದ್ದೆ. ಕಡಿಮೆ ಆಯ್ತಾ?"

ಅವಳು ನನ್ನನ್ನು ನೋಡಿದಳು. ಕೌಂಟರಿನ ಈಚೆ ನಿಂತವರು ಆಚೆಯವರನ್ನು ನೋಡುತ್ತಾರಲ್ಲ, ಹಾಗೆ.

"ಇಲ್ಲ. ಲೆಕ್ಕ ಸರಿಯಾಗಿದೆ. ನಿಮ್ಮನ್ನ ಏನೂ ಅನ್ನೋ ಹಾಗಿಲ್ಲ," ಎಂದು ಎದ್ದು ಹೋದಳು.

ನನಗೆ 'ನೀವು' ಎಂದಳು. ಬ್ಯಾಂಕಿನವರನ್ನೂ ಸೇರಿಸಿ ಹೇಳಿದ್ದಿರಬೇಕು.

ಜುಲೈ 6, ಶುಕ್ರವಾರ

ಈ ವಾರ ಸಾಲಿಲ್ಲ. ಮ್ಯಾನೇಜರು ನನ್ನ ಸಂಬಳ ಏರಿಸಿದರು. ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಸಿದ್ದಾರೆ. ಟೀ ಕೆಲಸ ಮುಗಿದ ಮೇಲೆ ಅಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿರಬೇಕು, ಜನಕ್ಕೆ ಧೈರ್ಯ ಎಂದು. ಏರಿದ ಸಂಬಳಕ್ಕೆ ಮೊದಲಿನಷ್ಟು ಎಣ್ಣೆ ಬರುವುದಿಲ್ಲ. ಆದರೂ ಏರಿಸಿದರಲ್ಲ.

ಬೇಕರಿಯವನು ಒಂದು ಬ್ರೆಡ್ ಹಾಗೇ ಕೊಟ್ಟ. "ನಿಮ್ಮ ಮಾತು ನಂಬಿ ಉಳ್ಕೊಂಡೆ ಟೀಯಮ್ಮ," ಎಂದ. ಬ್ರೆಡ್ ಮೊದಲಿಗಿಂತ ಚಿಕ್ಕದಾಗಿದೆ.

ಮಗಳ ಫೋನು ಬಂದಿತ್ತು. ಕೈ ಒದ್ದೆ ಇತ್ತು, ಎತ್ತಲಿಲ್ಲ. ಮತ್ತೆ ಬಂತು. ಆಮೇಲೆ ಮಾಡಿದರಾಯಿತು.

ಈಗ ಮನೆಗೆ ಶಾಲೆಯ ಕಡೆಯ ದಾರಿಯಲ್ಲಿ ಬರುತ್ತೇನೆ. ಸ್ವಲ್ಪ ಬಳಸು, ಆದರೆ ನೆರಳಿದೆ. ಹಳೇ ದಾರಿಯಲ್ಲಿ ಇಸ್ತ್ರಿ ಅಂಗಡಿಯ ಎದುರಿಗೆ ಬಂದರೆ ಎದೆ ಸುಮ್ಮನೆ ಹೊಡೆದುಕೊಳ್ಳುತ್ತದೆ. ವಯಸ್ಸಾಯಿತಲ್ಲ.

ನಾಳೆ ಮುಖ್ಯ ಕಚೇರಿಯಿಂದ ಯಾರೋ ದೊಡ್ಡವರು ಬರುತ್ತಾರಂತೆ, ನನ್ನನ್ನೂ ಮಾತಾಡಿಸುತ್ತಾರಂತೆ. ಒಳ್ಳೆಯ ಸೀರೆ ಉಡಿ ಎಂದಿದ್ದಾರೆ. ಚೊಂಬಿಗೆ ಕುದಿಯುವ ನೀರು ತುಂಬಿ, ಸೀರೆಯನ್ನು ಚಾಪೆಯ ಮೇಲೆ ಹರಡಿ ನಾನೇ ಉಜ್ಜಿದೆ. ಎಷ್ಟು ಉಜ್ಜಿದರೂ ಸೆರಗಿನ ಸುಕ್ಕು ಹೋಗಲಿಲ್ಲ. ಒಳಗೆ ಮಡಿಸಿ ಸಿಕ್ಕಿಸಿಕೊಂಡರೆ ಯಾರಿಗೂ ಕಾಣುವುದಿಲ್ಲ.